ಕಸ್ತೂರಿಯ ಕಂಪ್ಯೂಟರಿಗೆ ಬಂದ ಜ್ವರ

"ಏಯ್... ಕೈ ತಗೀರಿ ಮೊದಲ!"

ಕಸ್ತೂರಿ ಕೂಗಿದ ರಭಸಕ್ಕೆ ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಟಣ್ ಎಂದು ನೆಲಕ್ಕೆ ಬಿತ್ತು.

ಮೇಜಿನ ಕೆಳಗೆ ಕುಕ್ಕರುಗಾಲಲ್ಲಿ ಕುಳಿತು ಅವಳ ಕಂಪ್ಯೂಟರಿನ ಡಬ್ಬಿ ಬಿಚ್ಚುತ್ತಿದ್ದ ಆ ಹುಡುಗ ಗಡಬಡಿಸಿ ಎದ್ದ. ಎದ್ದ ಅವಸರಕ್ಕೆ ಮೇಜಿನ ಅಂಚಿಗೆ ತಲೆ ಬಡಿಯಿತು. ಪುಣ್ಯಕ್ಕೆ ಹೆಲ್ಮೆಟ್ ಇನ್ನೂ ತಲೆಯ ಮೇಲೇ ಇತ್ತು!

"ಯಾರ್ ನೀವು? ಯಾರನ್ನ ಕೇಳಿ ಬಿಚ್ಚಾಕತ್ತೀರಿ?"

"ನಾನ್ರಿ... ವಿಶ್ವರಾಧ್ಯ. ಸುರಪುರದಾಗ ಕಂಪ್ಯೂಟರ್ ರಿಪೇರಿ ಅಂಗಡಿ ಅದರಿ ನಂದು. ಗಯಾಸಣ್ಣ ಫೋನ್ ಮಾಡಿದ್ರು, ಅರ್ಜೆಂಟ್ ಅದ ಅಂದ್ರು. ಬಂದೆ. ಬಾಗಿಲಾ ತಗದಿತ್ತು, ಒಳಗ ಯಾರೂ ಇರ್ಲಿಲ್ಲ..."

"ಬಾಗಿಲಾ ತಗದಿದ್ರ ಒಳಗ ಬಂದು ಬಿಚ್ಚಿಬಿಡೂದಾ? ಕೇಳೂದು ಅಂತ ಒಂದು ಪದ್ಧತಿ ಇಲ್ಲೇನು ನಿಮ್ಮ ಸುರಪುರದಾಗ?"

ಅವನು ಹೆಲ್ಮೆಟ್ ತೆಗೆದ. ಬೆವರಿಗೆ ಕೂದಲೆಲ್ಲ ಹಣೆಗೆ ಅಂಟಿತ್ತು.

"ತಪ್ಪಾತ್ರಿ," ಎಂದ, ಸಣ್ಣ ದನಿಯಲ್ಲಿ.

ಸಿಟ್ಟಿಗೆದ್ದ ಕಸ್ತೂರಿಯ ಮುಂದೆ ಶಹಾಪುರದ ಮೇ ತಿಂಗಳ ಬಿಸಿಲೂ ತಂಪು ಅನಿಸಬೇಕು, ಹಾಗಿತ್ತು ಅವಳ ಮುಖ. ಆದರೆ ಆ ಸಿಟ್ಟಿನ ಹಿಂದೆ ಇದ್ದದ್ದು ಹೆದರಿಕೆ. ಮದುವೆಯ ಸೀಜನ್ ನಡುನೆತ್ತಿಗೆ ಬಂದಿತ್ತು. ಫೋಟೊಗ್ರಾಫರ್ ಗಯಾಸ ಊರೂರು ತಿರುಗಿ ಮದುವೆಗಳ ಫೋಟೊ ತೆಗೆದು ತರುತ್ತಿದ್ದ. ಇವಳು ಈ ಪುಟ್ಟ ಅಂಗಡಿಯಲ್ಲಿ ಕುಳಿತು ಆಲ್ಬಮ್ ಮಾಡುತ್ತಿದ್ದಳು. ಹೊರಗೆ 'ಕಸ್ತೂರಿ ಆಲ್ಬಮ್ಸ್' ಎಂಬ ಬೋರ್ಡು, ಒಳಗೆ ಒಂದೇ ಒಂದು ಕಂಪ್ಯೂಟರ್. ಅದು ಮುಂಜಾನೆಯಿಂದ ತನ್ನಷ್ಟಕ್ಕೆ ತಾನೇ ಬಂದ್ ಆಗುತ್ತಿತ್ತು!

"ಈಗ ಕೇಳ್ತೀನ್ರಿ. ಬಿಚ್ಲೇನು?" ಎಂದ ವಿಶ್ವರಾಧ್ಯ.

ನಗು ಬಂತು ಕಸ್ತೂರಿಗೆ. ತೋರಿಸಿಕೊಳ್ಳಲಿಲ್ಲ. "ಬಿಚ್ರಿ," ಎಂದಳು.

ಡಬ್ಬಿಯ ಬಾಗಿಲು ತೆಗೆದವನೇ ಅವನು ಕಣ್ಣು ಅರಳಿಸಿದ. ಒಳಗಿನ ಫ್ಯಾನಿನ ರೆಕ್ಕೆಗಳಿಗೆ ಬೂದು ಬಣ್ಣದ ಗಟ್ಟಿ ಪದರ ಹತ್ತಿತ್ತು. ಬೆರಳಲ್ಲಿ ಉಜ್ಜಿದ, ಮೂಸಿದ.

"ಇದು ಧೂಳಲ್ರಿ... ವಿಭೂತಿ!"

ಕಸ್ತೂರಿ ತುಟಿ ಕಚ್ಚಿಕೊಂಡಳು. ಅವ್ವ ಕಲ್ಯಾಣಮ್ಮ ಪ್ರತಿ ಸೋಮವಾರ ಅಂಗಡಿಗೆ ಬಂದು, ಮಗಳಿಗೆ ಅನ್ನ ಹಾಕುವ ಮಷೀನೆಂದು ಕಂಪ್ಯೂಟರಿನ ಮುಖಕ್ಕೆ ಭಕ್ತಿಯಿಂದ ಮೂರು ಬೆರಳು ವಿಭೂತಿ ಎಳೆಯುತ್ತಿದ್ದಳು. ಮುಖವೆಂದರೆ ಗಾಳಿ ಎಳೆದುಕೊಳ್ಳುವ ತೂತುಗಳಿರುವ ಜಾಗವೇ! ಅದರ ಮುಂದೆಯೇ ಊದಿನಕಡ್ಡಿ ಬೇರೆ. ಅಷ್ಟೂ ಬೂದಿಯನ್ನು ಪಾಪ, ಆ ಫ್ಯಾನು ಪ್ರಸಾದವೆಂದು ಒಳಗೆ ಎಳೆದುಕೊಂಡಿತ್ತು.

ಅಷ್ಟರಲ್ಲಿ ಕಲ್ಯಾಣಮ್ಮನೇ ಊಟದ ಡಬ್ಬಿ ಹಿಡಿದು ಬಂದಳು. 'ಈಗ ಈ ಮನುಷ್ಯ ಅವ್ವನಿಗೆ ಬುದ್ಧಿ ಹೇಳ್ತಾನ, ಅವ್ವ ಮುಖ ಸಣ್ಣ ಮಾಡ್ತಾಳ...' ಎಂದು ಕಸ್ತೂರಿ ಜಗಳಕ್ಕೆ ಸಿದ್ಧಳಾದಳು.

ವಿಶ್ವರಾಧ್ಯ ಬುದ್ಧಿ ಹೇಳಲಿಲ್ಲ. ಡಬ್ಬಿಯ ಒಂದು ಪಕ್ಕವನ್ನು ಒರೆಸಿ ತೋರಿಸಿದ.

"ಅವ್ವಾರ, ಇಲ್ಲಿ ಹಚ್ರಿ ಇನ್ನ ಮ್ಯಾಲ. ಈ ಬಾಜೂಕ ತೂತಿಲ್ಲ, ವಿಭೂತಿ ಉದುರಂಗಿಲ್ಲ, ವಾರಗಟ್ಟಲೆ ನಿಲ್ತದ."

"ಹೌದೇನಪ್ಪಾ? ಚಲೋ ಆತು ಬಿಡು!" ಕಲ್ಯಾಣಮ್ಮ ಆಗಲೇ ಅವನನ್ನು ಅರ್ಧ ಮಗನನ್ನಾಗಿ ಮಾಡಿಕೊಂಡಳು.

ಕಸ್ತೂರಿ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು.

ಹೋಗುವ ಮುಂಚೆ ಅವನು ಕಂಪ್ಯೂಟರಿಗೆ ಒಂದು ಸಣ್ಣ ಪ್ರೋಗ್ರಾಮ್ ಹಾಕಿಕೊಟ್ಟ. "ಇದು ಮಷೀನಿನ ಮೈಬಿಸಿ ನೋಡ್ತದರಿ. ಫ್ಯಾನ್ ಎಷ್ಟ್ ಜೋರ್ ತಿರುಗಾಕತ್ತದ, ಹಾರ್ಡ್ ಡಿಸ್ಕ್ ಹೆಂಗದ, ಎಲ್ಲಾ ಹೇಳ್ತದ. ಮೂಲ್ಯಾಗ ಹಸಿರ್ ಇದ್ರ ಆರಾಮ್. ಕೆಂಪಾದ್ರ ಜ್ವರ ಬಂದದ ಅಂತ ತಿಳೀರಿ."

ಒಂದು ಮಾತು ಮಾತ್ರ ಅವನು ಹೇಳಲಿಲ್ಲ. ಆ ಲೆಕ್ಕವೆಲ್ಲ ಅವನ ಫೋನಿಗೂ ಬರುತ್ತಿತ್ತು. ಸುರಪುರ, ಹುಣಸಗಿಯ ಅವನ ಗಿರಾಕಿಗಳೆಲ್ಲರ ಮಷೀನಿಗೂ ಅವನು ಹಾಗೇ ಮಾಡಿಡುತ್ತಿದ್ದ, ಕೆಡುವ ಮುಂಚೆಯೇ ಗೊತ್ತಾಗಲಿ ಎಂದು. ರೂಢಿಯಾದ ಕೆಲಸ, ಹೇಳಬೇಕೆಂದೇ ಹೊಳೆಯಲಿಲ್ಲ. ಅಥವಾ ಆ ಕಣ್ಣುಗಳ ಮುಂದೆ ಬಾಯಿ ಕಟ್ಟಿತೋ... ಶಿವನೇ ಬಲ್ಲ!

ಆಮೇಲೆ ಅವನ ಫೋನುಗಳು ಬರತೊಡಗಿದವು.

"ಕಸ್ತೂರಿಯವ್ರ, ಮಷೀನ್ ಹಿಂದ ಏನರೆ ಇಟ್ಟೀರೇನು ನೋಡ್ರಿ, ಗಾಳಿ ಆಡವಲ್ದು."

ನೋಡಿದರೆ ಆಲ್ಬಮ್ ಪೆಟ್ಟಿಗೆಗಳ ಸಾಲು ಗೋಡೆಗೆ ಒತ್ತಿ ನಿಂತಿರುತ್ತಿತ್ತು! 'ಅಲ್ಲಿ ಸುರಪುರದಾಗ ಕೂತು ಇವನಿಗೆ ಹೆಂಗ ತಿಳೀತದ?' ಎಂದು ಅವಳಿಗೆ ಸೋಜಿಗ. ಅನುಭವಸ್ಥ, ಅಂದಾಜಿನ ಮೇಲೆ ಹೇಳುತ್ತಾನೆ ಅಂದುಕೊಂಡಳು. ಫೋನು ಬಂದರೆ ಖುಷಿ, ಬರದ ದಿನ ಅದೇನೋ ಕಸಿವಿಸಿ. ಮಷೀನಿನ ಮಾತು ಮುಗಿದರೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ.

ಮೊದಲು ಒಮ್ಮೆ ಕಸ್ತೂರಿಗೆ ಮದುವೆ ನಿಶ್ಚಯವಾಗಿತ್ತು. ಯಾದಗಿರಿಯ ಹುಡುಗ, ನೋಡಲು ಲಕ್ಷಣವಾಗಿದ್ದ. ಆದರೆ ಅವನು ಅವಳಿಗೆ ಗೊತ್ತಿಲ್ಲದಂತೆ ಅವಳ ಫೋನಿಗೆ, ಅವಳು ಎಲ್ಲಿದ್ದಾಳೆಂದು ತೋರಿಸುವ ಒಂದು ಆ್ಯಪ್ ಹಾಕಿಬಿಟ್ಟಿದ್ದ. "ಬಸ್‌ಸ್ಟ್ಯಾಂಡಿನಾಗ ಅಷ್ಟೊತ್ತು ಯಾಕ ನಿಂತಿದ್ದಿ? ಯಾರ್ ಇದ್ರು ಬಾಜೂಕ?" ಎಂದು ಅವನು ಕೇಳಿದ ದಿನವೇ ಅವಳಿಗೆ ತಿಳಿದದ್ದು. ಉಂಗುರ ವಾಪಸ್ ಕೊಟ್ಟಳು. ಊರು ನೂರು ಮಾತಾಡಿತು. ಅವ್ವನೊಬ್ಬಳೇ ಅವಳ ಬೆನ್ನಿಗೆ ನಿಂತಳು. ಅಂದಿನಿಂದ ಗಂಡಸರ ಮೇಲಿನ ನಂಬಿಕೆಯನ್ನು ಕಸ್ತೂರಿ ಕೀಲಿ ಹಾಕಿ ಇಟ್ಟಿದ್ದಳು. ಈಗ ಆ ಕೀಲಿ ಸಡಿಲಾಗುತ್ತಿತ್ತು... ಅವಳಿಗೂ ಗೊತ್ತಾಗುತ್ತಿತ್ತು.

ಆ ಭಾನುವಾರ ಅವಳು ಸಗರದ ಜೈತುನಬೀಯ ಮಗಳ ಮದುವೆಯ ಆಲ್ಬಮ್ ಹಿಡಿದು ಕುಳಿತಿದ್ದಳು. ಮದುವೆಯಾದ ಸ್ವಲ್ಪ ದಿನಕ್ಕೇ ಹುಡುಗಿಯ ಅಪ್ಪ ತೀರಿಕೊಂಡಿದ್ದ. ಬಡಮನುಷ್ಯ, ಜೀವನದಲ್ಲಿ ನೆಟ್ಟಗೆ ಒಂದು ಫೋಟೊ ತೆಗೆಸಿಕೊಂಡವನಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟು ಅಳುತ್ತ ನಗುತ್ತಿದ್ದ ಅವನ ಮುಖ ಇದ್ದದ್ದು ಈ ಕಂಪ್ಯೂಟರಿನಲ್ಲಿ ಮಾತ್ರ. ಸೀಜನ್ ಅಂತ ಗಯಾಸ ಕ್ಯಾಮೆರಾದ ಕಾರ್ಡನ್ನು ಆಗಲೇ ಖಾಲಿ ಮಾಡಿ ಮುಂದಿನ ಮದುವೆಗೆ ಒಯ್ದಿದ್ದ.

ಫೋನ್ ಬಂತು. ವಿಶ್ವರಾಧ್ಯ!

"ಕಸ್ತೂರಿಯವ್ರ... ಇವತ್ತ ಊಟ ಮಾಡಿಲ್ಲಲ್ರಿ ನೀವು?"

ಕಸ್ತೂರಿ ನಗುತ್ತಲೇ ಕೇಳಿದಳು. "ನಿಮಗ್ಯಾರ್ ಹೇಳಿದ್ರು?"

"ಯಾರೂ ಹೇಳಿಲ್ರಿ. ದಿನಾ ಈ ಹೊತ್ತಿಗೆ ಮಷೀನ್ ಜರಾ ತಣ್ಣಗಾಗ್ತಿತ್ತು. ನೀವು ಊಟಕ್ಕ ಏಳ್ತೀರಿ ಅಂತ ತಿಳಕೊಂಡಿದ್ದೆ. ಇವತ್ತ ಮುಂಜಾನಿಂದ ಬಿಸಿ ಇಳದೇ ಇಲ್ಲ..."

ಅವಳ ನಗು ಅಲ್ಲಿಗೇ ನಿಂತಿತು.

"ನಿಮಗ... ಅದು ಅಲ್ಲಿ ಕಾಣ್ತದಾ?"

"ಹೌದ್ರಿ. ನನ್ನ ಫೋನಿನಾಗ..."

"ಎಂದಿಂದ?"

"ಮೊದಲ ದಿನದಿಂದ್ಲೇ... ಯಾಕ್ರಿ?"

ಬಸ್‌ಸ್ಟ್ಯಾಂಡು, ಆ ಹುಡುಗನ ಪ್ರಶ್ನೆಗಳು, ಎಲ್ಲ ಒಮ್ಮೆಲೇ ಕಸ್ತೂರಿಯ ಕಣ್ಣ ಮುಂದೆ ಬಂದವು. 'ಇವನೂ ಅಷ್ಟೇ! ನಾನು ಎದ್ದದ್ದು, ಕೂತದ್ದು, ಉಂಡದ್ದು, ಎಲ್ಲಾ ನೋಡ್ಕೊಂತ ಕೂತಾನ!'

"ನಿಮ್ಮನ್ನ ನಂಬಿದ್ದೆ ನಾನು," ಎಂದಳು. "ಇನ್ನ ಮ್ಯಾಲ ನನ್ನ ಅಂಗಡಿ ಹೊಸ್ತಿಲಾ ತುಳೀಬ್ಯಾಡ್ರಿ!"

"ಕಸ್ತೂರಿಯವ್ರ, ಒಂದ್ ನಿಮಿಷ, ನಾ ಫೋನ್ ಮಾಡಿದ್ದು ಬ್ಯಾರೆ..."

ಅವಳು ಕೇಳಿಸಿಕೊಳ್ಳಲಿಲ್ಲ. ಫೋನ್ ಇಟ್ಟು, ಅವನ ನಂಬರ್ ಬ್ಲಾಕ್ ಮಾಡಿ, ಆ ಪ್ರೋಗ್ರಾಮನ್ನೇ ಅಳಿಸಿಹಾಕಿದಳು. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಸಿಟ್ಟಿಗೆ ಅತ್ತದ್ದಲ್ಲ ಅದು. ಅವನನ್ನು ಎಷ್ಟು ಹಚ್ಚಿಕೊಂಡಿದ್ದೆನೆಂದು ಆ ಕ್ಷಣಕ್ಕೇ ಗೊತ್ತಾಗಬೇಕೇ?

ಅತ್ತ ಸುರಪುರದಲ್ಲಿ ವಿಶ್ವರಾಧ್ಯ ಫೋನ್ ಹಿಡಿದು ಕಂಬದ ಹಾಗೆ ನಿಂತಿದ್ದ. ಅವನು ಫೋನ್ ಮಾಡಿದ್ದು ಊಟದ ಮಾತಿಗಲ್ಲ. ಅವಳ ಹಾರ್ಡ್ ಡಿಸ್ಕ್ ಸಾಯುತ್ತಿದೆ ಎಂದು ಆ ಮುಂಜಾನೆ ಅವನ ಫೋನಿನಲ್ಲಿ ಕೆಂಪು ಗುರುತು ಬಂದಿತ್ತು. ಅವಳ ಸ್ಕ್ರೀನಿನ ಮೂಲೆಯಲ್ಲೂ ಬಂದಿರಬೇಕು, ಆಲ್ಬಮಿನ ಗುಂಗಿನಲ್ಲಿ ಅವಳು ನೋಡಿರಲಿಲ್ಲ. ನೇರವಾಗಿ ಹೇಳಿದರೆ ಗಾಬರಿಯಾದಾಳು ಎಂದು ಊಟದಿಂದ ಸುರು ಮಾಡಿದ್ದ ಜಾಣ! ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯಿತು. ಮತ್ತೆ ಮಾಡಿದರೆ ಫೋನ್ ಹೋಗಲೊಲ್ಲದು. ಗಯಾಸ ಯಾವುದೋ ಮದುವೆಯ ಬ್ಯಾಂಡಿನ ಗದ್ದಲದಲ್ಲಿದ್ದ, ಎತ್ತಲಿಲ್ಲ.

ಸೋಮವಾರ ಅಂಗಡಿ ತೆರೆದು ಕಸ್ತೂರಿ ಜೈತುನಬೀಯ ಆಲ್ಬಮ್ ಮುಂದೆ ಕುಳಿತಳಷ್ಟೆ. ಹೊರಗೆ ಮೋಟಾರ್ ಸೈಕಲ್ ನಿಂತ ಸದ್ದು.

ವಿಶ್ವರಾಧ್ಯ ಹೊಸ್ತಿಲಿನಾಚೆ ನಿಂತಿದ್ದ. ಒಂದು ಹೆಜ್ಜೆಯೂ ಮುಂದಿಡಲಿಲ್ಲ.

"ಒಳಗ ಬರಂಗಿಲ್ರಿ. ಒಂದು ಮಾತ ಕೇಳ್ರಿ ಸಾಕು, ಹೋಗಿಬಿಡ್ತೀನಿ. ನಿಮ್ಮ ಹಾರ್ಡ್ ಡಿಸ್ಕ್ ಕೆಟ್ಟದ. ಇವತ್ತೋ ನಾಳೆನೋ ಪೂರಾ ಹೋಗ್ತದ."

"ಬರಾಕ ಒಂದು ನೆಪ ಬೇಕಿತ್ತಲ್ಲ ನಿಮಗ..."

ಮಾತು ಮುಗಿಯಲಿಲ್ಲ. ಡಬ್ಬಿಯ ಒಳಗಿಂದ ಸದ್ದು ಬಂತು. ಟಕ್... ಟಕ್... ಟಕ್... ಸ್ಕ್ರೀನಿನ ಮೇಲೆ ಜೈತುನಬೀಯ ಗಂಡನ ಮುಖ ಅರ್ಧ ಮೂಡಿ ಅಲ್ಲೇ ನಿಂತುಬಿಟ್ಟಿತು.

ಕಸ್ತೂರಿಯ ಜೀವ ಬಾಯಿಗೆ ಬಂತು. "ಅಯ್ಯ ಶಿವನೇ!" ಎಂದು ಸ್ವಿಚ್ಚಿನ ಕಡೆ ಕೈ ಚಾಚಿದಳು.

"ಬಂದ್ ಮಾಡಬ್ಯಾಡ್ರಿ! ಈಗ ಬಂದ್ ಆದ್ರ ಮತ್ತ ಏಳೂದು ಖಾತ್ರಿ ಇಲ್ಲ!"

'ಒಳಗ ಬರ್ರಿ' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಟ! "ಏನ್ ಮಾಡ್ಬೇಕು ಹೇಳ್ರಿ. ನಾನೇ ಮಾಡ್ತೀನಿ," ಎಂದಳು.

"ನೀವೇ ಮಾಡ್ರಿ. ನಿಮ್ಮ ಮಷೀನು, ನಿಮ್ಮ ಕೈ," ಎಂದ ಅವನು. ಚೀಲದಿಂದ ಹೊಸ ಡಿಸ್ಕ್ ತೆಗೆದು ಹೊಸ್ತಿಲ ಮೇಲೆ ಇಟ್ಟ. "ಡಬ್ಬಿ ಬಾಗಿಲಾ ತಗೀರಿ. ಟೇಬಲ್ ಫ್ಯಾನ್ ಅದರ ಕಡೆ ತಿರುಗಸ್ರಿ, ಜ್ವರ ಇಳೀಲಿ. ಈಗ ಇದರ ವಾಯರ್ ಮುಂದ ಚುಚ್ರಿ. ಫೋಟೊ ಎಲ್ಲಾ ಒಮ್ಮಿಗೇ ಹೊಸದಕ್ಕ ಎಳೀಬ್ಯಾಡ್ರಿ, ಪಾಪ ಹಳೇದಕ್ಕ ತಾಕತ್ತಿಲ್ಲ. ಯಾವುದು ಹೋದ್ರ ನಿಮ್ಮ ಹೊಟ್ಟಿ ಉರೀತದೋ, ಅದನ್ನ ಮೊದಲ."

ದೊಡ್ಡ ಸಾಹುಕಾರರ ಮದುವೆಗಳ ಫೋಟೊಗಳಿದ್ದವು. ಕಸ್ತೂರಿ ಒಂದು ಕ್ಷಣವೂ ಯೋಚಿಸದೆ ಜೈತುನಬೀಯ ಮಗಳದ್ದನ್ನು ಎಳೆದಳು.

ಸ್ಕ್ರೀನಿನ ಮೇಲಿನ ಹಸಿರು ಗೆರೆ ಇರುವೆಯ ಹಾಗೆ ಹರಿಯತೊಡಗಿತು. ಟಕ್ ಎಂದಾಗಲೆಲ್ಲ ನಿಲ್ಲುವುದು, ಅವಳ ಉಸಿರೂ ನಿಲ್ಲುವುದು.

"ಫಿಕರ್ ಮಾಡಬ್ಯಾಡ್ರಿ. ನಿಲ್ಲಾಕತ್ತದ ಅಂದ್ರ ಓದಾಕ ಒದ್ದಾಡಾಕತ್ತದ ಅಂತ. ಜರಾ ತಾಳ್ರಿ."

ಬಿಸಿಲು ಏರಿತು. ಸೋಮವಾರದ ವಿಭೂತಿ ಹಿಡಿದು ಬಂದ ಕಲ್ಯಾಣಮ್ಮ ಹೊಸ್ತಿಲ ಬಳಿ ಗಕ್ಕನೆ ನಿಂತಳು.

"ಯಾಕಪ್ಪಾ ತಮ್ಮಾ, ಬಿಸಿಲಾಗ ಹೊರಗ ನಿಂತಿ?"

"ಒಳಗ ಬರಬ್ಯಾಡ ಅಂದಾರ್ರಿ ಅವ್ವಾರ."

"ಏನ್ ಮಾಡಿದಿ?"

"ತಪ್ಪ ಮಾಡೀನ್ರಿ."

ಕಲ್ಯಾಣಮ್ಮ ಮಗಳ ಮುಖ ನೋಡಿದಳು, ಅವನ ಮುಖ ನೋಡಿದಳು, ಒಂದು ಚೊಂಬು ನೀರು ತಂದು ಅವನ ಕೈಗೆ ಕೊಟ್ಟಳು. ಹೆತ್ತ ತಾಯಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕೇ?

ನೀರು ಕುಡಿದು ಅವನು ತನ್ನ ಫೋನ್ ತೆರೆದು ಹೊಸ್ತಿಲ ಮೇಲಿಂದ ಚಾಚಿದ.

"ನಾ ಏನ್ ನೋಡ್ತಿದ್ದೆ, ನೀವೇ ನೋಡ್ರಿ."

ಕಸ್ತೂರಿ ನೋಡಿದಳು. ಬಿಸಿ ಎಷ್ಟು, ಫ್ಯಾನ್ ಎಷ್ಟು, ಡಿಸ್ಕ್ ಹೇಗಿದೆ, ಅಷ್ಟೆ. ಅವಳ ಒಂದು ಫೋಟೊ ಇಲ್ಲ, ಒಂದು ಅಕ್ಷರ ಇಲ್ಲ. ಮನಸ್ಸು ಹಗುರಾಯಿತು. ಆದರೂ...

"ಆದ್ರೂ ಹೇಳಬೇಕಿತ್ತು ನನಗ."

"ಹೌದ್ರಿ, ಹೇಳಬೇಕಿತ್ತು." ಅವನು ತಲೆ ತಗ್ಗಿಸಲಿಲ್ಲ, ಅವಳ ಕಣ್ಣನ್ನೇ ನೋಡಿ ಹೇಳಿದ. "ಮಷೀನಿನ ಸುದ್ದಿ ಬ್ಯಾರೆ, ಅದರ ಮುಂದ ಕೂತೋರ ಸುದ್ದಿ ಬ್ಯಾರೆ ಅಂತ ತಿಳಿದಿದ್ದೆ. ನಿನ್ನಿ ನೀವು ಫೋನ್ ಇಟ್ಟ ಮ್ಯಾಲ ತಿಳೀತು. ಅದು ಬಿಸಿ ಆದ್ರ ನೀವು ಕೂತೀರಿ, ತಣ್ಣಗಾದ್ರ ಎದ್ದೀರಿ. ಅದು ನಿಮ್ಮ ಸುದ್ದೀನೇ ಆತಲ್ರಿ! ಕೇಳದೇ ತಗೊಂಡೆ. ಹುಣಸಗಿ, ಸುರಪುರದವ್ರಿಗೂ ನಿನ್ನಿನೇ ಫೋನ್ ಮಾಡಿ ಹೇಳೀನಿ, ಬ್ಯಾಡ ಅಂದವ್ರದ್ದು ತಗದೀನಿ."

ಕಸ್ತೂರಿ ಫೋನನ್ನು ಅವನ ಕೈಗೆ ವಾಪಸ್ ಕೊಟ್ಟಳು. ಆ ಯಾದಗಿರಿಯ ಹುಡುಗ ಸಿಕ್ಕಿಬಿದ್ದಾಗ ಏನೆಂದಿದ್ದ? 'ನಿನ್ನ ಒಳ್ಳೇದಕ್ಕೇ ಮಾಡೀನಿ' ಎಂದಿದ್ದ! ಇವನು ಒಂದು ನೆಪವನ್ನೂ ಹೇಳಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ಜೈತುನಬೀಯದ್ದು ಬಂತು, ಉಳಿದ ಮದುವೆಗಳೂ ಒಂದೊಂದಾಗಿ ಬಂದವು. ಕೊನೆಗೆ ಒಂದೇ ಒಂದು ಉಳಿದಿತ್ತು. ಟಕ್ ಎಂದ ಡಿಸ್ಕ್ ಮತ್ತೆ ಏಳಲಿಲ್ಲ.

"ಏನ್ ಹೋತ್ರಿ?" ವಿಶ್ವರಾಧ್ಯ ಹೊರಗಿನಿಂದಲೇ ಕಾತರದಲ್ಲಿ ಕೇಳಿದ.

"ನನ್ನ ನಿಶ್ಚಯದ ಫೋಟೊ," ಎಂದಳು ಕಸ್ತೂರಿ. ಅವನ ಮುಖ ಕಪ್ಪಿಟ್ಟಿತು. ಅವಳು ಮಾತ್ರ ನಕ್ಕುಬಿಟ್ಟಳು. "ಮುರಿದು ಹೋದ ನಿಶ್ಚಯ ಅದು. ಅಳಸಾಕ ನನಗ ಕೈ ಬಂದಿರ್ಲಿಲ್ಲ. ಚಲೋ ಆತು, ತಾನೇ ಹೋತು."

ಅವನು ಹೊಸ ಡಿಸ್ಕ್ ಕೂಡಿಸುವುದನ್ನೂ ಹೊರಗಿನಿಂದಲೇ ಹೇಳಿಕೊಟ್ಟ. ಆ ಪ್ರೋಗ್ರಾಮನ್ನೂ ಅವಳ ಕೈಯಿಂದಲೇ ಹಾಕಿಸಿದ, ಈ ಸಲ ಅವಳ ಫೋನಿಗೆ ಮಾತ್ರ. "ಇನ್ನ ನಿಮಗೇ ನೋಡಾಕ ಬರ್ತದ್ರಿ," ಎಂದು ಹೆಲ್ಮೆಟ್ ಹಾಕಿಕೊಂಡು ಹೋದ. ಕಸ್ತೂರಿಯ ಬಾಯಿಂದ 'ಒಳಗ ಬರ್ರಿ' ಎಂಬ ಆ ಒಂದು ಮಾತು ಹೊರಡಲೇ ಇಲ್ಲ!

ಆಮೇಲೆ ಅವನ ಫೋನ್ ಬರಲಿಲ್ಲ. ನಂಬರನ್ನು ಅವಳು ಅಂದೇ ಬ್ಲಾಕ್‌ನಿಂದ ತೆಗೆದಿದ್ದಳು. ಆದರೂ ಬರಲಿಲ್ಲ.

ಮಷೀನ್ ಗುಂಡುಕಲ್ಲಿನ ಹಾಗೆ ಇತ್ತು. ಮೂಲೆಯಲ್ಲಿ ಹಸಿರು, ಯಾವಾಗ ನೋಡಿದರೂ ಹಸಿರು. ಆ ಹಸಿರನ್ನು ಕಂಡರೇ ಕಸ್ತೂರಿಗೆ ಸಿಟ್ಟು ಬರತೊಡಗಿತು.

ಜೈತುನಬೀ ಆಲ್ಬಮ್ ಒಯ್ಯಲು ಬಂದಳು. ಗಂಡನ ಫೋಟೊ ಬಂದ ಪುಟದ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಕುಳಿತಳು.

"ಊಟ ಆತೇನ, ಊಟ ಆತೇನ ಅಂತ ದಿನಾ ಕೇಳ್ತಿದ್ದ ಬೇಟಿ ಈ ಮನಷ್ಯಾ. ನನಗ ಕಿರಿಕಿರಿ ಆಗ್ತಿತ್ತು. 'ಉಂಡೀನಿ, ತಲಿ ತಿನಬ್ಯಾಡ' ಅಂತಿದ್ದೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ಉಂಡ್ರೂ ಕೇಳೋರಿಲ್ಲ, ಬಿಟ್ರೂ ಕೇಳೋರಿಲ್ಲ."

ಕಸ್ತೂರಿ ಆಲ್ಬಮಿನ ಆ ಮುಖವನ್ನೇ ನೋಡಿದಳು.

'ಎಲ್ಲಿದ್ದಿ, ಯಾರ್ ಜೋಡಿ ಇದ್ದಿ ಅಂತ ಕೇಳಿದವ ಒಬ್ಬ. ಊಟ ಮಾಡಿಲ್ಲಲ್ರಿ ಅಂತ ಕೇಳಿದವ ಇವನು. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿದೆನಲ್ಲ! ತಪ್ಪು ಅಂತ ಅವನು ಒಪ್ಪಿಕೊಂಡ. ಬಿಸಿಲಾಗ ನಿಂತ. ಇನ್ನೇನ್ ಬೇಕು ನನಗ?'

ಜೈತುನಬೀ ಹೋದದ್ದೇ ತಡ, ಫೋನ್ ಎತ್ತಿದಳು.

"ಹಲೋ... ವಿಶ್ವರಾಧ್ಯ ಅವ್ರ? ಮಷೀನ್... ಮಷೀನಿಗೆ ಭಾಳ ಜ್ವರ ಬಂದದ್ರಿ!"

"ಕೆಂಪು ಕಾಣಾಕತ್ತದೇನ್ರಿ? ಫ್ಯಾನ್ ತಿರುಗಾಕತ್ತದಾ?"

"ನನಗ ತಿಳೀವಲ್ದು. ನೀವೇ ಬಂದು ನೋಡ್ರಿ."

ಅವನು ಬಂದ. ಸುರಪುರದಿಂದ ಅಷ್ಟು ಲಗುಬಗೆಯಿಂದ ಹೇಗೆ ಬಂದನೋ, ಮೈಯೆಲ್ಲ ಧೂಳು. ಬಂದವನು ಹೊಸ್ತಿಲಾಚೆ ಅದೇ ಜಾಗದಲ್ಲಿ ನಿಂತ. ಅಲ್ಲಿಂದಲೇ ಕತ್ತು ಚಾಚಿ ಸ್ಕ್ರೀನ್ ನೋಡಿದ.

ಹಸಿರು!

"ಕಸ್ತೂರಿಯವ್ರ... ಆರಾಮ್ ಅದಲ್ರಿ ಇದು?"

"ಹೌದು. ಮಷೀನ್ ಬೇಷ್ ಅದ." ಕಸ್ತೂರಿ ತಲೆ ಎತ್ತಲಿಲ್ಲ. ಮುಖವೆಲ್ಲ ಕೆಂಪಾಗಿತ್ತು. "ಅದಕ್ಕೇನೂ ಆಗಿಲ್ಲ. ನನಗೇ ಊಟ ಸೇರವಲ್ದು. ಯಾರೂ ಊಟ ಆತೇನು ಅಂತ ಕೇಳಾಕತ್ತಿಲ್ಲ..."

ವಿಶ್ವರಾಧ್ಯನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕೈಯಲ್ಲಿದ್ದ ಹೆಲ್ಮೆಟ್ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ.

"ನಾ ಫೋನ್ ಹಚ್ಚಬೇಕಂತ ದಿನಾ ಕೈಯಾಗ ಹಿಡೀತಿದ್ದೆ. ಮಷೀನಿನ ನೆಪ ಇರ್ಲಿಲ್ಲ. ನೆಪ ಇಲ್ಲದ ಮಾತಾಡಾಕ ನನಗೆಲ್ಲಿ ಹಕ್ಕದ ಅಂತ ಸುಮ್ಮನಾದೆ." ತಲೆ ಎತ್ತಿ ಅವಳನ್ನು ನೋಡಿದ. "ಕಸ್ತೂರಿ... ನೀವಂದ್ರ ನನಗ ಜೀವ. ಮೊದಲ ದಿನ ಬೈದ್ರಲ್ಲ, ಅವತ್ತಿಂದ್ಲೇ."

"ಮತ್ತ ಅಲ್ಲೇ ಯಾಕ ನಿಂತೀರಿ?"

"ನೀವು ಬ್ಯಾಡ ಅಂದಿದ್ರಿ."

"ಅಂದಿದ್ದೆ..."

"ಕೇಳ್ತೀನಿ ಈಗ. ಒಳಗ ಬರ್ಲೇನು?"

ಕಸ್ತೂರಿ ಕಣ್ಣೊರೆಸಿಕೊಂಡಳು, ನಕ್ಕಳು. "ಇಷ್ಟಾದ ಮ್ಯಾಲೂ ಕೇಳಬೇಕೇನು?"

"ಕೇಳೇ ಬರ್ತೀನ್ರಿ. ಯಾವಾಗ್ಲೂ."

ಅವಳು ಎದ್ದು ಬಂದು ಅವನ ಕೈಯಿಂದ ಹೆಲ್ಮೆಟ್ ತೆಗೆದುಕೊಂಡಳು.

"ಬರ್ರಿ," ಎಂದಳು. "ಅವ್ವ ತಂದ ಡಬ್ಬಿ ಬಿಚ್ಚಿಲ್ಲ ಇನ್ನ. ನಿಮ್ಮ ಊಟ ಆಗ್ಯದೇನು?"

"ಇಲ್ರಿ," ಎಂದು ವಿಶ್ವರಾಧ್ಯ ಹೊಸ್ತಿಲು ದಾಟಿದ.